ಬಂಡಿಯ ಹೊತ್ತು: ಸೊಲ್ಲಾಪುರ ಸೀಮೆಯ ದಾರಿಗಳಲ್ಲಿ ಮಕ್ಕಳ ವಿನೋದ

ಸೊಲ್ಲಾಪುರದಿಂದ ವಿಜಾಪುರಕ್ಕೆ ಸುಮಾರು 100 ಕಿಲೋಮೀಟರು. ಇಂದಿನ ಚತುಷ್ಪಥ ಹೆದ್ದಾರಿಯಲ್ಲಿ ಅದು ಎರಡು ಗಂಟೆಯ ಮಾತು. ಎತ್ತಿನ ಬಂಡಿಯ ಕಾಲದಲ್ಲಿ ಅದೇ ದಾರಿಗೆ ಮೂರು ದಿನ ಹಿಡಿಯುತ್ತಿತ್ತು. ಎತ್ತುಗಳು ದಣಿದಿದ್ದರೆ, ಇಲ್ಲವೆ ಭೀಮೆಯಲ್ಲಿ ನೀರು ಏರಿದ್ದರೆ, ನಾಲ್ಕು ದಿನ. ಗಂಟೆಗೆ ಎರಡು ಮೈಲಿಯ ಹೆಜ್ಜೆಯಲ್ಲಿ ಸಾಗುವ ಆ ಬಂಡಿಯೊಳಗೆ ಅಜ್ಜಿ, ತಾಯಿ, ಹೆರಿಗೆಗೆಂದು ತವರಿಗೆ ಹೊರಟ ಹೆಣ್ಣುಮಗಳು, ಅವರ ನಡುವೆ ನಾಲ್ಕೈದು ಮಕ್ಕಳು ಕುಳಿತಿರುತ್ತಿದ್ದರು. ಐದಾರು ವರ್ಷದ ಮಗುವನ್ನು ಮೂರು ದಿನ ಒಂದು ಚಕ್ಕಡಿಯ ಅಗಲದೊಳಗೆ ಹಿಡಿದು ಕೂರಿಸುವುದು ಸಾಮಾನ್ಯ ಕೆಲಸವಲ್ಲ. ದಾರಿಗಳ ಚರಿತ್ರೆಯೆಂದರೆ ನಮಗೆ ದಂಡು, ವ್ಯಾಪಾರ, ಯಾತ್ರೆಗಳ ಚರಿತ್ರೆ. ಆ ದಾರಿಗಳಲ್ಲಿ ಬೇಸರಗೊಂಡು ರಚ್ಚೆ ಹಿಡಿದ ಮಕ್ಕಳನ್ನು ಹಿರಿಯರು ಹೇಗೆ ರಮಿಸಿದರೆಂಬುದೂ ಚರಿತ್ರೆಯ ಭಾಗವೇ. ನಮ್ಮ ಗಡಿಸೀಮೆಯ ಮಟ್ಟಿಗಂತೂ ಅದಕ್ಕೆ ಹೆಚ್ಚಿನ ಅರ್ಥವಿದೆ. ಶಾಲೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಒಲೆಯ ಮುಂದೆ ಮತ್ತೊಂದು ಎಂಬಂತೆ ಬೆಳೆದ ಮಕ್ಕಳಿಗೆ ಮೂರು ತಲೆಮಾರು ಒಟ್ಟಿಗೆ, ಬೇರೇನೂ ಕೆಲಸವಿಲ್ಲದೆ, ದಿನಗಟ್ಟಲೆ ಕನ್ನಡದಲ್ಲಿ ಮಾತಾಡುತ್ತ ಕೂರುವ ಅವಕಾಶ ಸಿಗುತ್ತಿದ್ದದ್ದು ಈ ಪಯಣಗಳಲ್ಲಿ ಮಾತ್ರ.

ಪಯಣಗಳಿಗೆ ಹಂಗಾಮು ಇತ್ತು. ಸುಗ್ಗಿಗೆ ಮುನ್ನ, ಮಕರ ಸಂಕ್ರಾಂತಿಯ ಹೊತ್ತಿಗೆ, ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆ. ಜನ ಇಂದಿಗೂ ಅದನ್ನು 'ಗಡ್ಡಾ ಜಾತ್ರೆ' ಎನ್ನುತ್ತಾರೆ. ಏಳು ನಂದಿಧ್ವಜಗಳ ಮೆರವಣಿಗೆ ನೋಡಲು ಇಂಡಿ, ಅಕ್ಕಲಕೋಟೆ, ಆಳಂದಗಳ ಕಡೆಯಿಂದ ಬಂಡಿಗಳು ಸಾಲುಗಟ್ಟಿ ಬರುತ್ತಿದ್ದವು. ಹೋಳಿಯ ಬಳಿಕ ಕಲಬುರ್ಗಿಯ ಶರಣಬಸವೇಶ್ವರನ ಜಾತ್ರೆ. ಮದುವೆಯ ದಿಬ್ಬಣ, ಹೆರಿಗೆಯ ತವರು, ದೀಪಾವಳಿಯ ಕರೆ ಇವು ಬೇರೆ. ಪಂಢರಪುರದ ದಿಂಡಿಯ ವಿಷಯ ಪ್ರತ್ಯೇಕ. ಅಲ್ಲಿ ನಡೆಯುವುದೇ ವ್ರತ, ಮಕ್ಕಳು ಭಜನೆಯ ತಾಳಕ್ಕೆ ಹೆಜ್ಜೆ ಹಾಕುತ್ತಲೇ ದಣಿದು ಯಾರದಾದರೂ ಹೆಗಲೇರುತ್ತಿದ್ದರು. ಬಂಡಿಯ ಪಯಣದಲ್ಲಿ ಮಕ್ಕಳಿಗೆ ಆ ದಣಿವಿಲ್ಲ. ಆದ್ದರಿಂದಲೇ ಅಲ್ಲಿ ಬೇಸರ ದೊಡ್ಡದು.

ಉಳ್ಳವರ ಮನೆಯ ಕೊಲ್ಲಾರಿ ಬಂಡಿಗೆ ಮೇಲೆ ಕಮಾನು, ಎತ್ತಿನ ಕೊರಳಿಗೆ ಗೆಜ್ಜೆಸರ, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಕೌದಿ. ಉಳಿದವರು ಹೊಲದ ಚಕ್ಕಡಿಗೇ ಬಿದಿರು ಬಾಗಿಸಿ ಚಾಪೆ ಹೊದಿಸಿಕೊಳ್ಳುತ್ತಿದ್ದರು. ಯಾವ ಬಂಡಿಯಾದರೂ ಕೂರುವ ಕ್ರಮ ಒಂದೇ: ಎರಡೂ ಪಕ್ಕಕ್ಕೆ ಬೆನ್ನು ಆನಿಸಿ, ಕಾಲುಗಳನ್ನು ನಡುವಿಗೆ ಚಾಚಿ, ಎಲ್ಲರ ಮುಖ ಎಲ್ಲರಿಗೂ ಕಾಣುವಂತೆ. ಈ ಒಂದು ಸಂಗತಿಯನ್ನು ಓದುಗರು ಗಮನದಲ್ಲಿಡಬೇಕೆಂದು ಕೋರುತ್ತೇನೆ. ದಾರಿಯ ಆಟಗಳ ಬಹುಪಾಲನ್ನು ನಿರ್ಧರಿಸಿದ್ದು ಆಟಿಕೆಯಲ್ಲ, ವಾಹನದೊಳಗೆ ಜನ ಕೂರುವ ಬಗೆ. ಕುಲುಕುವ ಬಂಡಿಯಲ್ಲಿ ಕವಡೆ ನಿಲ್ಲದು, ಗಜ್ಜುಗ ಉರುಳಿ ಹುಲ್ಲಿನಲ್ಲಿ ಮಾಯವಾಗುವುದು. ಹೊರಗೆ ನೋಡೋಣವೆಂದರೆ ಕಮಾನಿನ ಎರಡು ತುದಿಗಳಲ್ಲಿ ಕಾಣುವಷ್ಟೇ ಲೋಕ. ಉಳಿಯುವುದು ಮಾತು ಮತ್ತು ಎದುರಿಗಿರುವ ಮುಖ. ಕೌದಿಯೂ ಮಾತಿನ ವಸ್ತುವೇ ಆಗಿತ್ತು. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡು ಸೇರಿಸಿ ಹೊಲಿದ ಆ ಹೊದಿಕೆಯಲ್ಲಿ ಯಾವ ತುಂಡು ಯಾರದು ಎಂದು ಕೇಳುತ್ತ ಹೋದರೆ ಒಂದು ಮನೆತನದ ಮೂವತ್ತು ವರ್ಷದ ವೃತ್ತಾಂತ ಹೊರಡುತ್ತಿತ್ತು. ಸತ್ತುಹೋದ ಅತ್ತೆಯ ಇಳಕಲ್ಲ ಸೀರೆಯ ಅಂಚು ಎಲ್ಲಿದೆಯೆಂದು ಮೊದಲು ತೋರಿಸಿದವರಿಗೆ ಒಂದು ತುಂಡು ಬೆಲ್ಲ.

ಹಗಲಿನ ಮುಖ್ಯ ಆಟ ಒಗಟು. ಇದಕ್ಕೊಂದು ಕಾರಣವಿತ್ತು. ಹಗಲಿನಲ್ಲಿ ಕತೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆಂಬ ನಂಬಿಕೆ ನಮ್ಮ ಕಡೆಯ ಹಿರಿಯರಲ್ಲಿತ್ತು. ಮನೆಯಲ್ಲಿದ್ದಾಗ ಅದು ಕೆಲಸದ ಹೊತ್ತಿನಲ್ಲಿ ಕತೆಗೆ ಪೀಡಿಸುವ ಮಕ್ಕಳನ್ನು ಸುಮ್ಮನಾಗಿಸುವ ಉಪಾಯವಷ್ಟೇ ಇದ್ದಿರಬೇಕು. ಸ್ವತಃ ದಾರಿಯಲ್ಲಿರುವವರಿಗೆ ಆ ನಿಷೇಧ ಇನ್ನಷ್ಟು ಗಟ್ಟಿಯಾಗಿ ಅನ್ವಯಿಸುತ್ತಿತ್ತು. ಹೀಗಾಗಿ ಹಗಲಿಗೆ ಒಗಟು, ಇರುಳಿಗೆ ಕತೆ ಎಂಬ ಹಂಚಿಕೆ ತಾನಾಗಿ ಏರ್ಪಟ್ಟಿತು.

ಒಗಟಿನ ಆಟ ಈ ಸೀಮೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಕ್ರೀಡೆಗಳನ್ನು ವಿವರಿಸುವಾಗ ಚದುರಂಗ, ಪಗಡೆಗಳ ಜೊತೆಗೆ ಪ್ರಹೇಲಿಕೆಗೂ, ಅಂದರೆ ಒಗಟಿಗೂ, ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ಅರಮನೆಯ ಪ್ರಹೇಲಿಕೆ ಸಂಸ್ಕೃತ ಪಂಡಿತರದು. ಚಕ್ಕಡಿಯ ಒಗಟು ಅಜ್ಜಿಯದು. ಆದರೂ ಹೊತ್ತು ಕಳೆಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲವೆಂಬ ತಿಳಿವಳಿಕೆ ಎರಡೂ ಕಡೆ ಒಂದೇ. ಅದೇ ಶತಮಾನದಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದೊಯ್ದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಬೆಡಗಿನ ವಚನಗಳ ಆ ಒಡೆಯನೂ ಕೆರೆ ಕಟ್ಟಿಸುವುದರಲ್ಲಿ ಮುಳುಗಿದ್ದ ಆ ಕಾರ್ಯನಿಷ್ಠನೂ ಜೊತೆಯಾಗಿ ನಡೆದ ದಾರಿಯಲ್ಲಿ ಎಂಥ ಮಾತು ನಡೆದಿರಬಹುದು! ಕನ್ನಡ ಸಾಹಿತ್ಯದ ಅತಿ ಶ್ರೇಷ್ಠ ಒಗಟುಗಾರ ನಮ್ಮ ಸೊಲ್ಲಾಪುರದ ದಾರಿ ಸವೆಸಿದವನೆಂದು ಹೆಮ್ಮೆಪಡಲು ಅಡ್ಡಿಯಿಲ್ಲ.

ಬಂಡಿಯ ಒಗಟುಗಳ ಉತ್ತರಗಳೆಲ್ಲ ಕಣ್ಣೆದುರಿನ ವಸ್ತುಗಳು: ಗಾಲಿ, ನೊಗ, ಬಾವಿಯ ಕೊಡ, ಜೋಳದ ತೆನೆ, ಈರುಳ್ಳಿ, ಎತ್ತಿನ ಬಾಲ, ನೆರಳು. ಒಗಟು ಹೇಳುವವರು ದಾರಿಯ ಬದಿಗೆ ಕಂಡದ್ದನ್ನೇ ಆಯ್ದು ಹೇಳಿದರೆ ಮಗು ಉತ್ತರ ಹುಡುಕಲು ಕಮಾನಿನ ಹೊರಗೆ ಕತ್ತು ಚಾಚಲೇಬೇಕು. ಹೀಗೆ ಬೇಸರದಿಂದ ಕುರುಡಾಗಿದ್ದ ಕಣ್ಣು ತೆರೆಯುತ್ತಿತ್ತು. ನಮ್ಮ ಮನೆಯಲ್ಲಿ ಇದಕ್ಕೊಂದು ದಂಡದ ಪದ್ಧತಿಯಿತ್ತು: ಉತ್ತರ ಬಾರದವರು ಗೆದ್ದವರಿಗೆ 'ಊರು ಕೊಡಬೇಕು'. ಕೊಡುವ ಊರು ಸಾಗುತ್ತಿರುವ ದಾರಿಯದೇ ಆಗಬೇಕು, ಒಮ್ಮೆ ಕೊಟ್ಟ ಊರನ್ನು ಮತ್ತೆ ಕೊಡುವಂತಿಲ್ಲ. ಅಕ್ಕಲಕೋಟೆಯ ದಾರಿಯಾದರೆ ಕುಂಭಾರಿ, ವಳಸಂಗ, ಕರಜಾಳ. ವಿಜಾಪುರದ ದಾರಿಯಾದರೆ ಹತ್ತೂರು, ಮಂದ್ರೂಪ, ಟಾಕಳಿ, ಧೂಳಖೇಡ, ಝಳಕಿ, ಹೊರ್ತಿ, ತಿಡಗುಂದಿ. ಒಗಟು ಬಾರದ ದಡ್ಡನೇ ಊರುಗಳ ಹೆಸರನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿರುತ್ತಿದ್ದನೆಂಬುದು ಈ ಪದ್ಧತಿಯ ತಮಾಷೆ. ಇಡೀ ದಾರಿಯನ್ನು ಸೋತು ಕಳೆದುಕೊಂಡವನು ಮರಳಿ ಬರುವಾಗ ಅದೇ ಊರುಗಳನ್ನು ಒಂದೊಂದಾಗಿ ಗೆದ್ದುಕೊಳ್ಳಬಹುದಾಗಿತ್ತು.

ಗಂಡಸರು ಬಂಡಿಯಲ್ಲಿದ್ದರೆ ಆಟದ ಜಾಗಕ್ಕೆ ಮಗ್ಗಿ ಬರುತ್ತಿತ್ತು. ಮುಂಬಯಿ ಇಲಾಖೆಯ ಹಳೆಯ ಶಾಲೆಗಳಲ್ಲಿ ಪೂರ್ಣಾಂಕಗಳ ಮಗ್ಗಿಯ ಜೊತೆಗೆ ಪಾವಕಿ, ನಿಮಕಿ, ಪೌಣಕಿ, ಸವಾಯಕಿ, ದೀಡಕಿ, ಅಡೀಚಕಿ ಎಂಬ ಭಿನ್ನರಾಶಿಯ ಮಗ್ಗಿಗಳೂ ಇದ್ದವು. ರೂಪಾಯಿಗೆ ಹದಿನಾರಾಣೆಯ ಲೆಕ್ಕಕ್ಕೆ ಅವಿಲ್ಲದೆ ನಡೆಯುತ್ತಿರಲಿಲ್ಲ. ಒಬ್ಬ ಒಂದು ಸಾಲು, ಮತ್ತೊಬ್ಬ ಮುಂದಿನ ಸಾಲು, ಗೆಜ್ಜೆಸರದ ಲಯಕ್ಕೆ. ಇದನ್ನು ವಿನೋದವೆಂದು ಕರೆಯಬಹುದೇ ಎಂದು ಕೇಳಿದರೆ, ಹುಡುಗರ ಅಭಿಪ್ರಾಯ ಬೇರೆಯಿದ್ದೀತು. 1957ರಲ್ಲಿ ದಶಮಾನ ನಾಣ್ಯ ಬಂದ ಮೇಲೆ ಈ ಮಗ್ಗಿಗಳು ಯಾರಿಗೂ ಬೇಡವಾದವು.

ತಿನಿಸಿನ ಪಾತ್ರವನ್ನು ಕಡೆಗಣಿಸುವಂತಿಲ್ಲ. ಹೊಟ್ಟೆ ತುಂಬಿಸುವ ಬುತ್ತಿ ಬೇರೆ, ಹೊತ್ತು ತುಂಬಿಸುವ ತಿನಿಸು ಬೇರೆ ಎಂಬ ವಿವೇಕ ನಮ್ಮ ಹೆಂಗಸರಿಗಿತ್ತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಎಣ್ಣೆಗಾಯಿ ಇವು ಬುತ್ತಿ. ಹೊತ್ತು ಕಳೆಯಲಿಕ್ಕಾದರೆ ಸುಲಗಾಯಿ: ಹಸಿ ಕಡಲೆಯ ಗಿಡವನ್ನು ಬೇರುಸಹಿತ ಮಗುವಿನ ಕೈಗೆ ಕೊಟ್ಟರೆ ಒಂದೊಂದೇ ಕಾಯಿ ಸುಲಿದು ತಿನ್ನುವಷ್ಟರಲ್ಲಿ ಒಂದು ಹರದಾರಿ ಕಳೆಯುತ್ತಿತ್ತು. ಸಂಕ್ರಾಂತಿಯ ದಾರಿಯಲ್ಲಾದರೆ ಜೋಳದ ಸೀತನಿ. ಯಾರದೋ ಹೊಲದ ಬದುವಿನಲ್ಲಿ ಬಂಡಿ ನಿಲ್ಲಿಸಿ, ಕುಳ್ಳಿನ ಕೆಂಡದಲ್ಲಿ ಹಾಲುದೆನೆ ಸುಟ್ಟು, ಕೈಯಲ್ಲಿ ತಿಕ್ಕಿ ಕೊಡುವುದು. ಹೊಲದ ಒಡೆಯ ಬೇಡವೆನ್ನುತ್ತಿರಲಿಲ್ಲ. ಆತನೂ ಬಂದು ಕುಳಿತು ಊರು ಕೇರಿ ವಿಚಾರಿಸುತ್ತಿದ್ದ. ಸೀತನಿಯ ಕರಿ ಮೂತಿಗೆಲ್ಲ ಮೆತ್ತಿಕೊಂಡ ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಗುವುದೇ ಮುಂದಿನ ಅರ್ಧ ಗಂಟೆಯ ಆಟ.

ಬಂಡಿ ನಿಂತಲ್ಲಿ ಮಾತಿನ ಆಟ ಮುಗಿದು ಕೈಯಾಟ ಶುರುವಾಗುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಎತ್ತುಗಳನ್ನು ಬಿಚ್ಚಿ ಗುಡಿಯ ಪೌಳಿಯಲ್ಲೋ ಬಾವಿಯ ಕಟ್ಟೆಯಲ್ಲೋ ತಂಗುವುದು ಕ್ರಮ. ನಾಡಿನ ಹಳೆಯ ಗುಡಿಗಳ ಹಾಸುಗಲ್ಲು, ಜಗಲಿಗಳ ಮೇಲೆ ಚೌಕಾಬಾರದ ಮನೆಗಳನ್ನೂ ಹುಲಿ-ಕುರಿ ಆಟದ ಗೆರೆಗಳನ್ನೂ ಕೊರೆದಿರುವುದನ್ನು ಅನೇಕರು ಕಂಡಿರಬಹುದು. ಹಂಪೆ, ಐಹೊಳೆಗಳಲ್ಲೂ ಅವಿವೆ. ಅವನ್ನು ಕೊರೆದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಪಕ್ಕದ ಕಂಬದ ಮೇಲೆ ದಾನಶಾಸನ ಕೆತ್ತಿಸಿದ ಮಹಾಮಂಡಳೇಶ್ವರನನ್ನು ಇಂದು ಓದಬಲ್ಲವರು ಕೆಲವೇ ಜನ. ಆ ಚೌಕಾಬಾರದ ಮನೆಗಳನ್ನು ಓದಲು ಏಳು ವರ್ಷದ ಹುಡುಗಿಗೆ ಯಾರೂ ಕಲಿಸಬೇಕಾಗಿಲ್ಲ. ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಪಕ್ಕ ಬೆಳ್ಳಗೆ ಮಾಡಿದರೆ ಕವಡೆಯ ಕೊರತೆ ನೀಗಿತು.

ನಿಲ್ಲುವ ಇನ್ನೊಂದು ಜಾಗ ನಾಕೆ. 1948ರವರೆಗೆ ಸೊಲ್ಲಾಪುರದಿಂದ ಕಲಬುರ್ಗಿಗೆ ಹೋಗುವ ಬಂಡಿ ಮೂರು ಆಡಳಿತಗಳನ್ನು ದಾಟಬೇಕಾಗಿತ್ತು. ಸೊಲ್ಲಾಪುರ ಬ್ರಿಟಿಷರದು, ಅಕ್ಕಲಕೋಟೆ ಭೋಸಲೆ ಅರಸರ ಸಂಸ್ಥಾನ, ಆಚೆ ನಿಜಾಮರ ಸೀಮೆ. ನಿಜಾಮರ ಕರೋಡಗಿರಿ ನಾಕೆಯಲ್ಲಿ ಗಂಟುಮೂಟೆ ಬಿಚ್ಚಿಸಿ ಸುಂಕದ ತಪಾಸಣೆ. ದೊಡ್ಡವರಿಗೆ ಅದು ಕಿರಿಕಿರಿ, ಮಕ್ಕಳಿಗೆ ಹಬ್ಬ. ಏಕೆಂದರೆ ಅಲ್ಲಿ ನಾಣ್ಯ ಬದಲಾಗುತ್ತಿತ್ತು. ಬ್ರಿಟಿಷರ ಕಲ್ದಾರ ರೂಪಾಯಿ 6 ಕೊಟ್ಟರೆ ನಿಜಾಮರ ಹಾಲಿ ಸಿಕ್ಕಾ 7. ಆರು ಕೊಟ್ಟು ಏಳು ಪಡೆದದ್ದು ಲಾಭವೋ ಮೋಸವೋ ಎಂಬ ಜಿಜ್ಞಾಸೆಯಲ್ಲಿ ಮಕ್ಕಳು ಆಳಂದದವರೆಗೂ ಕಳೆಯಬಹುದಾಗಿತ್ತು. ಒಂದು ಕಾಸಿನ ಮೇಲೆ ರಾಜನ ಮುಖ, ಇನ್ನೊಂದರ ಮೇಲೆ ಚಾರ್‌ಮಿನಾರು. ಎಷ್ಟೋ ಮನೆಗಳ ಹಳೆಯ ಡಬ್ಬಿಗಳಲ್ಲಿ ಇಂದಿಗೂ ಸಿಗುವ ಹಾಲಿ ನಾಣ್ಯಗಳು ಹೀಗೆ ಮಕ್ಕಳ ಕೈಯಲ್ಲಿ ಉಳಿದವೇ ಇರಬೇಕು.

ಇರುಳಾದ ಮೇಲೆ ಕತೆ. ಬೇಸಗೆಯಲ್ಲಂತೂ ಹಗಲು ತಂಗಿ ರಾತ್ರಿ ಸಾಗುವುದೇ ವಾಡಿಕೆ; ಕಳ್ಳರ ಭಯಕ್ಕೆ ನಾಲ್ಕಾರು ಬಂಡಿಗಳು ಒಂದರ ಹಿಂದೊಂದು. ಅಚ್ಚಿಗೆ ಕಟ್ಟಿದ ಕಂದೀಲಿನ ಬೆಳಕು ಒಳಗೆ ಬರುತ್ತಿರಲಿಲ್ಲ. ಕತ್ತಲಲ್ಲಿ ಅಜ್ಜಿಯ ದನಿ ಮಾತ್ರ. ಕತೆಗೆ ಹೂಂಗುಟ್ಟುವವರು ಬೇಕೆಂಬುದು ನಿಯಮ. ಮನೆಯಲ್ಲಿ ಅದು ರೂಢಿಯ ಮಾತಾದರೆ ಬಂಡಿಯಲ್ಲಿ ಅದಕ್ಕೆ ನಿಜವಾದ ಉಪಯೋಗವಿತ್ತು. ಯಾರ 'ಹೂಂ' ನಿಂತಿತೋ ಅವರಿಗೆ ನಿದ್ದೆ ಹತ್ತಿತೆಂದು ಅರ್ಥ. ಕೊನೆಯ 'ಹೂಂ' ನಿಂತಲ್ಲಿ ಕತೆಯೂ ನಿಲ್ಲುವುದು. ಮರುದಿನ ರಾತ್ರಿ ಎಲ್ಲಿಗೆ ನಿಂತಿತ್ತೆಂಬ ಬಗ್ಗೆ ಮಕ್ಕಳಲ್ಲಿ ಜಗಳ. ಕೆಲವೊಮ್ಮೆ ಮಕ್ಕಳೆಲ್ಲ ಮಲಗಿದ ಮೇಲೂ 'ಹೂಂ' ಕೇಳುತ್ತಲೇ ಇರುವುದುಂಟು. ಅದು ಬಂಡಿ ಹೊಡೆಯುವವನದು. ಕತೆ ಅವನನ್ನು ಎಚ್ಚರವಾಗಿಡುತ್ತಿತ್ತು. ಆದ್ದರಿಂದ ಅಜ್ಜಿಯರು ಬೆಳ್ಳಿಚುಕ್ಕಿ ಮೂಡುವವರೆಗೂ ನಿಲ್ಲಿಸುತ್ತಿರಲಿಲ್ಲ.

ಈ ಮಾತುಗಳಲ್ಲಿ ಬಹುಪಾಲು ಬರಹಕ್ಕೆ ಇಳಿಯಲಿಲ್ಲ. ಭೀಮೆಯ ಆಚೆ ದಂಡೆಗೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಒಟ್ಟುಗೂಡಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದಾಗ ಬೀಸುವ ಕಲ್ಲಿನ ಮುಂದಿನ ಹೆಣ್ಣುದನಿಗೆ ಸಾಹಿತ್ಯದ ಮಾನ್ಯತೆ ದೊರೆಯಿತು. ಅದೊಂದು ದೊಡ್ಡ ಉಪಕಾರ. ಬೀಸುವ ಹಾಡಿಗೆ ಒಂದು ಸ್ಥಿರವಾದ ಜಾಗವಿತ್ತು. ಸಂಗ್ರಹಿಸುವವರು ನಸುಕಿನಲ್ಲಿ ಹೋಗಿ ಗೋಡೆಯ ಆಚೆ ಕುಳಿತು ಕೇಳಬಹುದಿತ್ತು. ಬಂಡಿಯ ಮಾತು ಬಂಡಿಯ ಜೊತೆಗೇ ಸಾಗಿಹೋಯಿತು. ಅದರ ಕೇಳುಗರೆಲ್ಲ ಮಕ್ಕಳು, ಅರ್ಧ ನಿದ್ದೆಯವರು. ಈ ಸಂಚಿಕೆಯ ಓದುಗರಲ್ಲಿ ಎಪ್ಪತ್ತು ದಾಟಿದವರು ತಮ್ಮ ನೆನಪಿನಲ್ಲಿ ಉಳಿದಷ್ಟನ್ನು ಬರೆದಿಟ್ಟರೆ ಮುಂದಿನ ಸಮ್ಮೇಳನದ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇಡ.

ಆದರೆ ದಾರಿಯನ್ನು ಬರೀ ಬೆಲ್ಲ-ಸೀತನಿಗಳ ದಾರಿಯೆಂದು ಚಿತ್ರಿಸುವುದು ಅನ್ಯಾಯ. ಬಂಡಿಯಿದ್ದವರು ಊರಿಗೆ ಹತ್ತಾರು ಮನೆ. ಉಳಿದವರ ಮಕ್ಕಳು ಬಂಡಿಯ ಹಿಂದೆ ಧೂಳಿನಲ್ಲಿ ನಡೆದರು. 1876ರಿಂದ 78ರ ಬರಗಾಲದಲ್ಲಿ ಸೊಲ್ಲಾಪುರ, ವಿಜಾಪುರ ಜಿಲ್ಲೆಗಳ ಕುಟುಂಬಗಳು ಮಕ್ಕಳ ಸಮೇತ ಬರ ಪರಿಹಾರದ ಕಾಮಗಾರಿಗಳನ್ನು ಹುಡುಕುತ್ತ ಹೊರಟವು. ಆ ಕಾಮಗಾರಿಗಳಲ್ಲಿ ರಸ್ತೆ ಕಟ್ಟುವ ಕೆಲಸವೂ ಇತ್ತು. ಮುಂದೆ ಯಾರ ಮಕ್ಕಳೋ ಒಗಟು ಹೇಳುತ್ತ ಸಾಗಿದ ದಾರಿಗಳಲ್ಲಿ ಕೆಲವಕ್ಕೆ ಜಲ್ಲಿ ಒಡೆದವರು ಹಸಿದ ತಾಯಂದಿರು.

ರೈಲು ಇಲ್ಲಿಗೆ ಬೇಗನೆ ಬಂತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿ, 1871ರ ಹೊತ್ತಿಗೆ ಕಲಬುರ್ಗಿಯ ಮೇಲೆ ಹಾಯ್ದು ರಾಯಚೂರನ್ನು ಸೇರಿತು. 1880ರ ದಶಕದಲ್ಲಿ ಹೊಟಗಿಯಿಂದ ವಿಜಾಪುರ, ಗದಗುಗಳ ಕಡೆಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬಿತ್ತು. ರೈಲಿನಲ್ಲೂ ಎದುರುಬದುರು ಆಸನ. ಹೀಗಾಗಿ ಬಂಡಿಯ ಆಟಗಳು ಹೆಚ್ಚೇನೂ ಮಾರ್ಪಡದೆ ರೈಲನ್ನು ಹತ್ತಿದವು. ತಂತಿಕಂಬ ಎಣಿಸುವುದೊಂದು ಹೊಸದಾಗಿ ಸೇರಿತು. ಅಕ್ಕಲಕೋಟೆಯವರಿಗೆ ರೈಲು ಬಂಡಿಯನ್ನು ಪೂರ್ತಿ ತಪ್ಪಿಸಲೂ ಇಲ್ಲ, ಏಕೆಂದರೆ ನಿಲ್ದಾಣ ಊರಿನಿಂದ ದೂರ.

ನಿಜವಾದ ಬದಲಾವಣೆ ಬಸ್ಸಿನದು. ಮೊದಲು ಖಾಸಗಿ ಸರ್ವಿಸ್ ಮೋಟಾರುಗಳು; ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವು ಇದ್ದಿಲಿನ ಗ್ಯಾಸಿನಿಂದ ಓಡಿದವು. ಏರು ಬಂದಾಗ ಉಸಿರು ಕಟ್ಟಿ ನಿಂತ ಮೋಟಾರಿನ ಬೆನ್ನಿಗೆ ಕಟ್ಟಿದ ಒಲೆಗೆ ಗಾಳಿ ಹಾಕುವುದನ್ನು ನೋಡಲು ಮಕ್ಕಳು ಇಳಿಯುತ್ತಿದ್ದರು. 1948ರಲ್ಲಿ ಮುಂಬಯಿ ರಾಜ್ಯದ ಸರಕಾರಿ ಸಾರಿಗೆ ಆರಂಭವಾಗಿ ಮುಂದೆ ಕೆಂಪು ಎಸ್.ಟಿ. ಬಸ್ಸು ಹಳ್ಳಿ ಹಳ್ಳಿಗೆ ಬಂತು. ಬಸ್ಸಿನಲ್ಲಿ ಎಲ್ಲರೂ ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ. ಮಗುವಿನ ಎದುರಿಗೆ ಅಜ್ಜಿಯ ಮುಖವಿಲ್ಲ, ಅಪರಿಚಿತನ ರುಮಾಲಿನ ಹಿಂಬದಿಯಿದೆ. ಇಂಜಿನ್ನಿನ ಸದ್ದಿನಲ್ಲಿ ಕತೆ ಕೇಳದು. ವಾಂತಿಯಾಗದಿರಲು ಕೈಯಲ್ಲಿ ಲಿಂಬೆಹಣ್ಣು. ಮಗು ಕಿಟಕಿಯ ಕಡೆ ತಿರುಗಿತು. ಆಟ ಕಿವಿಯಿಂದ ಕಣ್ಣಿಗೆ ವರ್ಗವಾಯಿತು. ಕಿಟಕಿಯ ಪಾಳಿಯನ್ನು ಊರುಗಳ ಲೆಕ್ಕದಲ್ಲಿ ಹಂಚಿಕೊಳ್ಳುವುದರಿಂದಲೇ ಪಯಣ ಆರಂಭ: ಟಾಕಳಿಯವರೆಗೆ ಅಕ್ಕ, ಅಲ್ಲಿಂದ ಹೊರ್ತಿಯವರೆಗೆ ತಮ್ಮ.

ಕಿಟಕಿಯಿಂದ ಕಂಡದ್ದು ಅಕ್ಷರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಾಪುರದ ದಾರಿಯ ಮೇಲೆ ಭೀಮೆಯೇ ಗಡಿಯಾಯಿತು. ಈಚೆ ಟಾಕಳಿ ಮಹಾರಾಷ್ಟ್ರ, ಆಚೆ ಧೂಳಖೇಡ ಕರ್ನಾಟಕ. ಗಡಿಯ ನ್ಯಾಯಾನ್ಯಾಯ ಈ ಲೇಖನದ ವಿಷಯವಲ್ಲ. ಆದರೆ ಸೊಲ್ಲಾಪುರದ ಮನೆಗೂ ಇಂಡಿಯ ಅಜ್ಜಿಯ ಮನೆಗೂ ನಡುವೆ ಲಿಪಿಯ ಗಡಿಯೊಂದು ಬಿದ್ದದ್ದು ಮಕ್ಕಳಿಗೆ ಹೊಸ ಆಟವೊಂದನ್ನು ಕೊಟ್ಟಿತು. ಸೇತುವೆ ಬರುತ್ತಲೇ ಎಲ್ಲರೂ ಎದ್ದು ನಿಲ್ಲುವುದು, ಭೀಮಾತಾಯಿಗೆ ಕಿಟಕಿಯಿಂದ ಒಂದು ನಾಣ್ಯ ಎಸೆಯುವುದು, ಆಮೇಲೆ ಮೊದಲ ಕನ್ನಡ ಫಲಕವನ್ನು ಯಾರು ಮೊದಲು ಓದುತ್ತಾರೆಂಬ ಪಂದ್ಯ. ಮರಾಠಿ ಶಾಲೆಗೆ ಹೋಗುವ ಮಗುವಿಗೆ ಕನ್ನಡ ಅಕ್ಷರ ಬರುವುದಿಲ್ಲ. ಗೆಲ್ಲಬೇಕೆಂಬ ಹಠಕ್ಕೆ ರಜೆಯಲ್ಲಿ ಅಜ್ಜನ ಹತ್ತಿರ ಅ ಆ ಇ ಈ ತಿದ್ದಿಸಿಕೊಂಡವರುಂಟು. ಫಲಕ ಬರಿಯ ಎರಡೋ ಮೂರೋ ಅಕ್ಷರ, ಅದೂ ಊರಿನ ಹೆಸರು. ಹೆಸರಂತೂ ಬಂಡಿಯ ಕಾಲದ ದಂಡದಾಟದಿಂದ ಮೊದಲೇ ಬಾಯಿಗೆ ಬಂದದ್ದು. ಬಾಯಲ್ಲಿದ್ದ ಊರು ಹೀಗೆ ಕಣ್ಣಿಗೆ ಬಿದ್ದು ಅಕ್ಷರವಾಯಿತು.

ದಾರಿಬದಿಯ ಕಲ್ಲುಗಳದ್ದೂ ಇದೇ ಪಾಠ. ನಾಗರಿಯ ಅಂಕಿ, ಕನ್ನಡದ ಅಂಕಿ ಹೋಲಿಸುವುದು ಲೆಕ್ಕ ಬಲ್ಲ ಮಕ್ಕಳ ಮೆಚ್ಚಿನ ಕೆಲಸ. ಎರಡು, ಮೂರು, ನಾಲ್ಕು ಅಕ್ಕತಂಗಿಯರಂತೆ ಹೋಲುತ್ತವೆ. ಆದರೆ ಕನ್ನಡದ ಒಂದು ದುಂಡಗೆ ಸೊನ್ನೆಯ ಹಾಗಿದ್ದು ಮೋಸ ಮಾಡುತ್ತದೆ, ಎಂಟಂತೂ ಗುರುತೇ ಹತ್ತದು. 1956ರ ತೂಕ-ಅಳತೆಯ ಶಾಸನದ ನಂತರ ಮೈಲಿಗಲ್ಲು ಹೋಗಿ ಕಿಲೋಮೀಟರು ಕಲ್ಲು ಬಂತು. ಮಂದ್ರೂಪದ ಬಳಿ ಹೆದ್ದಾರಿಯ ಒಂದು ಕೂಡುದಾರಿಗೆ ಇಂದಿಗೂ 'ತೇರಾಮೈಲ' ಎಂದೇ ಹೆಸರು. ಹದಿಮೂರನೆಯ ಮೈಲಿಯ ಕಲ್ಲು ಇಲ್ಲವಾದರೂ ಬಸ್ಸಿನವರ ಬಾಯಲ್ಲಿ ಅದು ನಿಂತಿದೆ.

ಹಿಂದಿನ ಉದ್ದನೆಯ ಸೀಟು ಸಿಕ್ಕರೆ, ಇಲ್ಲವೆ ಮದುವೆಗೆಂದು ಗೊತ್ತುಮಾಡಿದ ಇಡೀ ಬಸ್ಸಿದ್ದರೆ, ಹಾಡಿನ ಬಂಡಿ ಕಟ್ಟುವುದುಂಟು. ನಾವು ಅಂತ್ಯಾಕ್ಷರಿ ಎನ್ನುವುದನ್ನು ಮರಾಠಿಯವರು ಭೇಂಡ್ಯಾ ಎನ್ನುತ್ತಾರೆ. ಸೊಲ್ಲಾಪುರದ ಬಸ್ಸಿನಲ್ಲಿ ಎರಡು ಭಾಷೆ, ಸಿನೆಮಾದ ಹಿಂದಿ ಸೇರಿ ಮೂರು. ಇಲ್ಲಿ ಮಕ್ಕಳು ತಾವೇ ರಚಿಸಿಕೊಂಡ ವ್ಯಾಕರಣ ಕಂಡರೆ ಸಂತೋಷವಾಗುತ್ತದೆ. ಕನ್ನಡದಲ್ಲಿ ಳಕಾರ, ಣಕಾರಗಳಿಂದ ಯಾವ ಪದವೂ ಆರಂಭವಾಗದು. ಹಾಡು ಅಲ್ಲಿ ಮುಗಿದರೆ ಎದುರಿನವರ ಕೈ ಕಟ್ಟಿದಂತೆ. ಆದ್ದರಿಂದ ಳ ಬಂದರೆ ಲ, ಣ ಬಂದರೆ ನ ಎಂಬ ಒಪ್ಪಂದ. ಳಕಾರದ ಕಷ್ಟ ಮರಾಠಿಯಲ್ಲೂ ಇರುವುದರಿಂದ ಈ ಒಪ್ಪಂದ ಎರಡು ಭಾಷೆಗೂ ನಡೆಯುತ್ತದೆ. ಎರಡು ಭಾಷೆಗಳ ನೆಂಟಸ್ತಿಕೆಯ ಬಗ್ಗೆ ನಾವು ವೇದಿಕೆಯ ಮೇಲೆ ಮಾಡುವ ಭಾಷಣಗಳಿಗಿಂತ ಈ ಕಟ್ಟಳೆ ಸ್ಪಷ್ಟವಾಗಿದೆಯೆಂದು ನನ್ನ ಎಣಿಕೆ. ಮನೆಮಾತು ಮರಾಠಿಯಾಗಿದ್ದೂ ಕನ್ನಡದ ವರಕವಿಯಾದ ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳಿದ್ದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು.

ಸ್ವಂತ ಕಾರುಗಳ ಕಾಲ ತೀರ ಈಚಿನದು. ಅದರ ಬಗ್ಗೆ ಹೇಳಬೇಕಾದದ್ದೂ ಕಡಿಮೆ. 1989ರ ನಂತರದ ವಾಹನ ಸಂಖ್ಯೆಯ ಕ್ರಮದಲ್ಲಿ ಸೊಲ್ಲಾಪುರಕ್ಕೆ ಎಂ.ಎಚ್. 13, ವಿಜಾಪುರಕ್ಕೆ ಕೆ.ಎ. 28, ಕಲಬುರ್ಗಿಗೆ ಕೆ.ಎ. 32 ಬಂದ ಮೇಲೆ ಎದುರಿಗೆ ಬರುವ ಗಾಡಿ ಯಾವ ಊರಿನದೆಂದು ಹೇಳುವ ಆಟ ಹುಟ್ಟಿತು, ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಕ್ಯಾಸೆಟ್ಟು ಬಂದು ಹಾಡುವ ಕೆಲಸ ಯಂತ್ರಕ್ಕೆ ಹೋಯಿತು. ಈಗ ಹಿಂದಿನ ಸೀಟಿನಲ್ಲಿ ಮಗುವಿನ ಕೈಯಲ್ಲಿ ಮೊಬೈಲು. ಅದನ್ನು ಬೈಯುವುದು ಸುಲಭ. ಆದರೆ ಚತುಷ್ಪಥದ ಮೇಲಿನಿಂದ ಝಳಕಿಯೂ ಕಾಣದು, ಹೊರ್ತಿಯೂ ಕಾಣದು. ಎರಡು ಗಂಟೆಯ ದಾರಿಗೆ ಯಾರೂ ಸುಲಗಾಯಿಯ ಗಿಡ ಕಿತ್ತು ತರುವುದಿಲ್ಲ. ಬೇಸರ ಹುಟ್ಟುವಷ್ಟು ದೂರವೇ ಉಳಿದಿಲ್ಲವಾದಾಗ ಬೇಸರ ಕಳೆಯುವ ಮಾತು ಎಲ್ಲಿಂದ ಬರಬೇಕು? ಬಂಡಿಯ ಮೂರು ದಿನದಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತಿದ್ದ ಕನ್ನಡಕ್ಕೆ ಬೇರೆ ಹೊತ್ತನ್ನು ನಾವು ಗೊತ್ತುಮಾಡಿಲ್ಲ.

ಮನೆಮಂದಿಯೆಲ್ಲ ಸೇರಿ ಬಹುದೂರ ಸಾಗುವ ಹಳೆಯ ಬಗೆಯ ಪಯಣ ಪೂರ್ತಿ ನಿಂತಿದೆಯೆಂದು ಮಾತ್ರ ತಿಳಿಯಬಾರದು. ಪ್ರತಿವರ್ಷ ದೀಪಾವಳಿಯ ಹೊತ್ತಿಗೆ ಜತ್ತ, ಇಂಡಿಗಳ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಪಶ್ಚಿಮ ಮಹಾರಾಷ್ಟ್ರದ ಸಕ್ಕರೆ ಕಾರಖಾನೆಗಳಿಗೆ ಹೊರಡುತ್ತವೆ. ಮುಕಾದಮನಿಂದ ಮುಂಗಡ ಪಡೆದ ಕುಟುಂಬಗಳು ಟ್ರ್ಯಾಕ್ಟರಿನ ಡಬ್ಬಿಯಲ್ಲಿ, ಕೆಲವರು ಇಂದಿಗೂ ಎತ್ತಿನ ಗಾಡಿಯಲ್ಲಿ, ಐದಾರು ತಿಂಗಳಿಗೆ ಬೇಕಾದ ಪಾತ್ರೆ, ಹಿಟ್ಟು, ಕೌದಿ, ಕೋಳಿ, ಆಡು ಹೇರಿಕೊಂಡು ಹೋಗುತ್ತವೆ. ಆ ಸಾಮಾನಿನ ಮೇಲೆ ಮಕ್ಕಳು. ಶಾಲೆಯ ಹಾಜರಿಪಟದಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತ ಹೋಗುವ ಆ ತಿಂಗಳುಗಳಲ್ಲಿ ಅವರಿರುವುದು ಕಬ್ಬಿನ ಗದ್ದೆಯ ಅಂಚಿನ ಕೊಪ್ಪಿಯಲ್ಲಿ, ಸುತ್ತಲೂ ಬೇರೆ ಮಾತಿನ ಊರು. ಡಬ್ಬಿಯಲ್ಲಿ ಎಲ್ಲರೂ ಬೆನ್ನು ಆನಿಸಿ ಎದುರುಬದುರಾಗಿಯೇ ಕೂರುತ್ತಾರೆ. ಇಂಜಿನ್ನಿಗೆ ಕಟ್ಟಿದ ಸ್ಪೀಕರಿನಲ್ಲಿ ಕನ್ನಡದ ಜಾನಪದ ಧಾಟಿಯ ಹಾಡು ಜೋರಾಗಿ ಕೇಳುತ್ತಿರುತ್ತದೆ. ಚಾಲಕ ಚಹಾಕ್ಕೆ ನಿಲ್ಲಿಸಿ ಅದನ್ನು ಆರಿಸಿದಾಗ, ರಸ್ತೆಯ ಪಕ್ಕದಲ್ಲಿ ಹಾದುಹೋಗುವವರ ಕಿವಿಗೆ, ಮೇಲಿನಿಂದ ಯಾರೋ ಹೆಂಗಸು ಒಗಟು ಹಾಕುತ್ತಿರುವುದೂ ಮಕ್ಕಳು ತಪ್ಪು ಉತ್ತರ ಕೂಗುತ್ತಿರುವುದೂ ಬೀಳುವುದುಂಟು.